ಹೊಳೆಯಾಚೆ ಕೇಳಿದ ಹೆಸರು

ದೆವ್ವವೂ ಅಲ್ಲ, ಗಾಳಿಯೂ ಅಲ್ಲ. ಆ ಮನುಷ್ಯ ಒಂದೇ ಹೆಸರನ್ನು ಇಬ್ಬರಿಗೆ ಕೊಟ್ಟರು, ಎರಡನೆಯವಳ ತಾಯಿಗೆ ಅದನ್ನು ಹೇಳಲಿಲ್ಲ. ನಡೆದದ್ದು ಇಷ್ಟೇ. ಊರಿನವರು ಇದಕ್ಕೆ ರೆಕ್ಕೆಪುಕ್ಕ ಕಟ್ಟಿ ಏನೇನೋ ಹೇಳಿಕೊಂಡು ತಿರುಗಿದರು. ಕಣ್ಣಾರೆ ಕಂಡವಳು ನಾನು.

ಮೊನ್ನೆ ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಪಕ್ಕದ ಒಲೆಯಲ್ಲಿ ಬಾಣಂತಿಗೆಂದು ಬೆಲ್ಲ ಕರಗಲು ಇಟ್ಟಿದ್ದರು. ಎರಡೂ ವಾಸನೆ ಸೇರಿ ಒಂದಾಗಿ ನನ್ನ ಮೂಗಿಗೆ ಬಂತು. ಎಪ್ಪತ್ತು ವರ್ಷ ಆ ಎರಡನ್ನು ಒಟ್ಟಿಗೆ ಒಲೆಗೆ ಏರಿಸದೆ ಸಂಸಾರ ಮಾಡಿದ್ದೇನೆ. ಈ ಮನೆಯಲ್ಲಿ ಯಾರಿಗೂ ಅದು ಗೊತ್ತಿಲ್ಲ. ಗೊತ್ತಿಲ್ಲದವರು ಇಟ್ಟರು.

ಬಾಣಂತಿ ಎಂದರೆ ನನ್ನ ಮೊಮ್ಮಗನ ಹೆಂಡತಿ. ಹೆಣ್ಣು ಕೂಸು ಹುಟ್ಟಿ ಹನ್ನೆರಡು ದಿನವಾಗಿತ್ತು. ಹುಡುಗಿ ಮದುವೆಗೆ ಮುಂಚೆ ಭರತನಾಟ್ಯ ಕಲಿತವಳು, ಮೊಬೈಲಿನಲ್ಲಿ ಹೆಸರು ಹುಡುಕುತ್ತ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು.

“ಶಾಂತಲೆ ಅಂತ ಇಡೋಣ ಅಂತಿದ್ದೀನಿ ಅಜ್ಜಿ. ರಾಣಿ ಹೆಸರು. ಡಾನ್ಸೂ ಮಾಡ್ತಿದ್ಲಂತೆ,” ಎಂದಳು.

ನನ್ನ ಕೈಯ ಸೌಟು ನಿಂತಿತು. ಅಲ್ಲೇ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ನನ್ನ ಮಗಳು ತಿಪ್ಪಮ್ಮ ತಲೆ ಎತ್ತಿದಳು. ಕೂಸಿಗೆ ಅವಳೇ ಸ್ವಂತ ಅಜ್ಜಿ, ಅವಳಿಗೇ ಎಪ್ಪತ್ತು ದಾಟಿದೆ.

“ಎಷ್ಟು ಚೆನ್ನಾಗೈತೆ! ನಂಗೂ ಅಂಥದ್ದೊಂದು ಇಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತವ್ವಾ? ಇಸ್ಕೂಲಲ್ಲಿ ಎಲ್ರೂ ತಿಪ್ಪೆ ತಿಪ್ಪೆ ಅಂತ ಆಡ್ಕೊಳೋರು.”

“ಹುರುಳಿ ತಳ ಹಿಡೀತಾ ಐತೆ, ನೋಡು,” ಎಂದೆ ನಾನು. ಅದು ತಳ ಹಿಡಿದಿರಲಿಲ್ಲ.

ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ. ಮಡಿಕೇರಿಯಲ್ಲೇ ನಮ್ಮದೊಂದು ಸರ್ಕಾರವಿತ್ತು. ನಾನು ಬೇಲೂರಿನ ಕಡೆಯಿಂದ ಮದುವೆಯಾಗಿ ಬಂದವಳು. ಗಂಡನ ಮನೆಯವರೂ ಹಾಸನದ ಕಡೆಯವರೇ, ಕುಶಾಲನಗರದ ಹತ್ತಿರ ಹೊಳೆಯಂಚಿನಲ್ಲಿ ಭೂಮಿ ಮಾಡಿಕೊಂಡು ನಿಂತವರು. ಈಚೆ ದಡದಲ್ಲಿ ನಮ್ಮ ಮನೆ, ರಾಗಿ ಹೊಲ. ಆಚೆ ದಡದಲ್ಲಿ ಕಾಡು. ನಮಗೂ ದುಬಾರೆಗೂ ನಡುವೆ, ಆಚೆ ದಡದಲ್ಲೇ, ಮರ ಎಳೆಯುವ ಆನೆಗಳ ಒಂದು ಸಣ್ಣ ಕ್ಯಾಂಪಿತ್ತು. ಈಗ ಅದರ ಗುರುತೂ ಉಳಿದಿಲ್ಲ.

ಆ ಕ್ಯಾಂಪಿನಲ್ಲಿ ಆನೆ ಪುಸ್ತಕ ಬರೆಯಲು ಒಬ್ಬ ರೈಟರಿದ್ದರು. ಯಾವ ಆನೆ ಎಷ್ಟು ಎತ್ತರ, ಯಾವುದಕ್ಕೆ ಕಾಲು ಹುಣ್ಣು, ಯಾವುದು ಕೂಲಿಯವರ ಮೇಲೆ ಮುನಿಸಿಕೊಂಡಿದೆ, ಎಲ್ಲ ಬರೆಯುವ ಕೆಲಸ. ತೆಳ್ಳಗೆ ಉದ್ದಕ್ಕೆ ಇದ್ದರು. ಖಾಕಿ ಕೋಟಿಗೆ ಎರಡು ಗುಂಡಿ ಇರಲಿಲ್ಲ, ಹಾಕುವವರು ಯಾರೂ ಇರಲಿಲ್ಲ. ಹೆಂಡತಿ ಹೆರಿಗೆಯಲ್ಲಿ ಹೋದಳು, ಕೂಸೂ ಉಳಿಯಲಿಲ್ಲ ಎಂದು ಜನ ಹೇಳುತ್ತಿದ್ದರು. ಅವರಿಗೆ ಕೊಟ್ಟಿದ್ದ ಕ್ವಾರ್ಟರ್ಸು ಈಚೆ ದಡದಲ್ಲಿ, ನಮ್ಮ ಹೊಲದ ಕೊನೆಯಲ್ಲಿತ್ತು. ದಿನಾ ದೋಣಿಯಲ್ಲಿ ಹೋಗಿ ಬರುತ್ತಿದ್ದರು. ಬರುವಾಗ ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

ಅವರಿಗೆ ಎರಡೇ ಹುಚ್ಚು. ಒಂದು ಆನೆ, ಇನ್ನೊಂದು ಹಳೆಯ ರಾಜರಾಣಿಯರು. ಪುಲಿಕೇಶಿಯ ಕಥೆಯನ್ನು ಪಕ್ಕದ ಮನೆಯವನ ಕಥೆ ಹೇಳುವಂತೆ ಹೇಳುತ್ತಿದ್ದರು. “ಅವನೇನು ಸುಮ್ನೆ ಬಿಡೋ ಆಸಾಮಿನಾ?” ಎಂದು ನಮ್ಮನ್ನೇ ಕೇಳುತ್ತಿದ್ದರು. ನಮಗೇನು ಗೊತ್ತು! ಕ್ಯಾಂಪಿನ ದೊಡ್ಡ ಗಂಡಾನೆಗೆ ಪುಲಿಕೇಶಿ ಎಂದೇ ಹೆಸರಿಟ್ಟಿದ್ದರು. ಒಂದು ಹೆಣ್ಣಾನೆಗೆ ಅಬ್ಬಕ್ಕ ಎಂದಿಟ್ಟಿದ್ದರು. ಆನೆಗೆ ಇಷ್ಟು ಒಳ್ಳೆಯ ಹೆಸರಾದರೆ ನಮ್ಮ ಮಕ್ಕಳೇನು ಪಾಪ ಮಾಡಿದ್ದಾವೆ ಎಂದು ಸುತ್ತಲಿನವರೂ ಅವರ ಹತ್ತಿರ ಹೋಗತೊಡಗಿದರು. ಹೀಗಾಗಿ ನಮ್ಮೂರಲ್ಲಿ ಅಶೋಕ ಎಮ್ಮೆ ಮೇಯಿಸುತ್ತಿದ್ದ. ಹರ್ಷವರ್ಧನನಿಗೆ ಮೂರು ಕಾಲವೂ ಮೂಗು ಸೋರುತ್ತಿತ್ತು. ಆದರೆ ಒಂದು ಕಟ್ಟುನಿಟ್ಟನ್ನು ಅವರೇ ಮಾಡಿಕೊಂಡಿದ್ದರು. ಆನೆಗೆ ಕೊಟ್ಟ ಹೆಸರನ್ನು ಮಗುವಿಗೆ ಕೊಡುತ್ತಿರಲಿಲ್ಲ, ಮಗುವಿಗೆ ಕೊಟ್ಟದ್ದನ್ನು ಆನೆಗೆ ಕೊಡುತ್ತಿರಲಿಲ್ಲ. ನನ್ನ ವಿಷಯದಲ್ಲಿ ಮಾತ್ರ ಅದನ್ನು ಮುರಿದರು.

ನನ್ನ ಮೊದಲ ಎರಡು ಕೂಸುಗಳು ಹೆಸರಿಡುವ ಮುಂಚೆಯೇ ಹೋದವು. ಒಂದು ಏಳು ದಿನ ಇತ್ತು, ಇನ್ನೊಂದು ಒಂಬತ್ತು ದಿನ. ಹೆಸರಿಲ್ಲದ ಮಕ್ಕಳನ್ನು ನೆನೆಸಿಕೊಂಡು ಅಳುವುದಕ್ಕೂ ಆಗುವುದಿಲ್ಲ. ಏನೆಂದು ಕರೆದು ಅಳುವುದು… ಮೂರನೆಯದು ಹೆಣ್ಣು ಹುಟ್ಟಿತು, ಹತ್ತು ದಿನ ಕಳೆದರೂ ಉಸಿರಾಡುತ್ತಿತ್ತು. ಅದನ್ನು ಉಳಿಸಿಕೊಳ್ಳುವುದೊಂದೇ ಆಗ ನನಗಿದ್ದ ಯೋಚನೆ. ನಮ್ಮತ್ತೆಗೂ ಅದೇ ಯೋಚನೆ. ಆದರೆ ದಾರಿ ಬೇರೆ.

“ತಿಪ್ಪೆ ಮೇಲೆ ಮಲಗ್ಸಿ ಎತ್ಕೊಂಬಾ. ತಿಪ್ಪಿ ಅಂತ ಕರಿ. ಆ ಹೆಸರು ಕೇಳಿ ಯಮನಿಗೂ ಅಸಹ್ಯ ಆಗ್ಬೇಕು,” ಎಂದರು.

“ಯಮನಿಗೆ ಅಸಹ್ಯ ಅಂತ ಒಂದಿದ್ದಿದ್ರೆ ಈ ಊರಲ್ಲಿ ಅರ್ಧ ಜನ ಸಾಯ್ತಾನೇ ಇರ್ಲಿಲ್ಲ ಅತ್ತೆ,” ಎಂದೆ.

ಹತ್ತೊಂಬತ್ತು ವರ್ಷದ ಬಾಯಿ. ಕೆನ್ನೆಗೆ ಬೀಳಬೇಕಿತ್ತು, ಬಾಣಂತಿಯೆಂದು ಬಿಟ್ಟರು.

ಅವತ್ತು ಸಂಜೆ ರೈಟರು ಬಂದಾಗ ಬಾಗಿಲ ಹಿಂದಿನಿಂದಲೇ ನಾನು ಹೆಸರು ಕೇಳಿದೆ. ಯಾವಾಗಲೂ ಕೇಳಿದ ತಕ್ಷಣ ನಾಲ್ಕು ಹೆಸರು ಉದುರಿಸುವವರು ಅವತ್ತು ನಶ್ಯದ ಡಬ್ಬಿ ಬಿಚ್ಚಿದರು. ಚಿಟಿಕೆ ನಶ್ಯ ತೆಗೆದವರು ಅದನ್ನು ಏರಿಸದೆ ಹಾಗೇ ಬೆರಳಲ್ಲಿ ಹಿಡಿದುಕೊಂಡಿದ್ದರು.

“ಒಂದು ಹೆಸರಿದೆ ತಾಯಿ. ಬಹಳ ಒಳ್ಳೆ ಹೆಸರು,” ಎಂದರು. ಆಮೇಲೆ, “ಈಗ ಖಾಲಿ ಇದೆ,” ಎಂದರು.

ಬಾಡಿಗೆ ಮನೆಯ ಮಾತು ಆಡಿದ ಹಾಗಿತ್ತು. ಖಾಲಿ ಎಂದರೇನು ಎಂದು ನಾನು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಶಾಂತಲೆ ಎಂದರು. ನಮ್ಮ ಬೇಲೂರಿನ ಗುಡಿಯಲ್ಲಿ ಕುಣಿದ ರಾಣಿ ಎಂದರು. ತವರಿನ ಹೆಸರು ಕೇಳಿದ್ದೇ ನಾನು ಮೆತ್ತಗಾದೆ.

“ಬೆಟ್ಟದಿಂದ ಹಾರ್ಕೊಂಡು ಸತ್ತೋಳಲ್ವಾ ಅವ್ಳು?” ಎಂದರು ಅತ್ತೆ.

“ಅದೆಲ್ಲ ಜನ ಕಟ್ಟಿದ ಕಥೆ ಕಣಮ್ಮ,” ಎಂದು ರೈಟರು ಎದ್ದು ಹೋದರು. ಕಾಫಿ ಲೋಟ ತುಂಬಿದ ಹಾಗೇ ಇತ್ತು.

ಹೆಸರಿಟ್ಟೆವು. ನಮ್ಮ ತವರಿನ ಕಡೆ ಒಂದು ರೂಢಿಯಿತ್ತು. ಮಕ್ಕಳು ನಿಲ್ಲದ ಮನೆಯಲ್ಲಿ, ಹೊತ್ತು ಮುಳುಗುವಾಗ ತಾಯಿ ಹೊಸ್ತಿಲಲ್ಲಿ ನಿಂತು ಕೂಸಿನ ಹೆಸರು ಹಿಡಿದು ಮೂರು ಸಲ ಗಟ್ಟಿಯಾಗಿ ಕರೆಯಬೇಕು. ಆ ಹೊತ್ತಿನಲ್ಲಿ ಕೂಸಿನ ಜೀವ ಹೊರಗೆ ಸುಳಿದಾಡುತ್ತದೆ, ಕರೆದರೆ ಒಳಗೆ ಬರುತ್ತದೆ ಎಂದು. ಮೊದಲೆರಡು ಕೂಸಿಗೆ ಕರೆಯಲು ಹೆಸರೇ ಇರಲಿಲ್ಲ. ಈಗ ಇತ್ತು. ನನ್ನ ಗಂಟಲೂ ಆಗ ಚೆನ್ನಾಗಿತ್ತು. “ಶಾಂತಲೇ… ಬಾರೇ…” ಎಂದು ಕರೆದರೆ ಹೊಳೆಯ ಆಚೆ ದಡಕ್ಕೆ ಹೊಡೆದು ವಾಪಸು ಬರುತ್ತಿತ್ತು.

ಮೂರನೆಯ ಬೆಳಿಗ್ಗೆ ಅಂಗಳ ಗುಡಿಸಲು ಹೋದ ಅತ್ತೆ ಅಲ್ಲೇ ನಿಂತುಬಿಟ್ಟರು. ಹೊಳೆಯಿಂದ ಹಿತ್ತಲವರೆಗೆ ಮಣ್ಣಿನಲ್ಲಿ ಒಂದು ಗೆರೆ ಎಳೆದಿತ್ತು, ಹಾವು ಹರಿದ ಹಾಗೆ, ಆದರೆ ತೊಡೆಯಷ್ಟು ಅಗಲ. ಅದು ಮನೆಯ ಹಿಂದಿನ ಗೋಡೆಯವರೆಗೆ ಬಂದು, ಅಲ್ಲಿ ನೆಲವನ್ನು ಕಲಸಿ, ತಿರುಗಿ ಹೊಳೆಗೆ ಹೋಗಿತ್ತು. ಅದು ಸರಪಳಿಯ ಗುರುತು ಎಂದು ನನ್ನ ಗಂಡ ಹೇಳಿದರು. ಕ್ಯಾಂಪಿನ ಆನೆಗಳನ್ನು ಸಂಜೆ ಕಾಲಿಗೆ ಸರಪಳಿ ಬಿಟ್ಟು ಮೇಯಲು ಕಾಡಿಗೆ ಅಟ್ಟುತ್ತಾರೆ. ಬೆಳಗಿನ ಜಾವ ಮಾವುತ ಆ ಗೆರೆ ಹಿಡಿದುಕೊಂಡು ಹೋಗಿ ಆನೆ ಕರೆತರುತ್ತಾನೆ. ಯಾವುದೋ ಆನೆ ನಮ್ಮ ರಾಗಿ ಹುಲ್ಲಿನ ಆಸೆಗೆ ಹೊಳೆ ದಾಟಿದೆ ಎಂದರು.

ಹುಲ್ಲಿನ ಮೆದೆಯನ್ನು ಅದು ಮುಟ್ಟಿರಲಿಲ್ಲ.

ಮರುದಿನವೂ ಗೆರೆ. ಅದರ ಮರುದಿನವೂ. ಎಂಟನೆಯ ದಿನ ಹಿಂದಿನ ಗೋಡೆಯ ಬುಡದಲ್ಲಿ ಎಳೆ ಬಿದಿರಿನ ಸೊಪ್ಪು ಇತ್ತು. ಉದುರಿದ್ದಲ್ಲ, ಚೆಲ್ಲಿದ್ದಲ್ಲ. ತುದಿ ತುದಿಯನ್ನೇ ಮುರಿದು ಒಪ್ಪವಾಗಿ ಇಟ್ಟಿತ್ತು. ನಾವು ಕೂಸಿನ ಬಾಯಿಗೆ ಮೆದು ಅನ್ನವನ್ನೇ ಆರಿಸಿ ಇಡುತ್ತೇವಲ್ಲ, ಹಾಗೆ. ಗೋಡೆಯ ಒಳಗಡೆ, ಸರಿಯಾಗಿ ಅದೇ ಜಾಗದಲ್ಲಿ, ನನ್ನ ಮಗಳ ತೊಟ್ಟಿಲು ತೂಗುತ್ತಿತ್ತು.

ಅತ್ತೆ ಸೊಪ್ಪನ್ನು ಮೊರದಲ್ಲಿ ಎತ್ತಿ ಹೊಳೆಗೆ ಹಾಕಿ ಬಂದರು. “ಕರೀಬ್ಯಾಡ ಕಣೇ ಆ ಹೆಸ್ರನ್ನ. ನೀನು ಕರ್ದಷ್ಟೂ ಅದು ಹತ್ರ ಬತ್ತಾ ಐತೆ,” ಎಂದರು. ನಾನು ಕೇಳಲಿಲ್ಲ. ಕರೆಯುವುದನ್ನು ನಿಲ್ಲಿಸಿದರೆ ಕೂಸು ಹೋಗುತ್ತದೆ ಎಂದು ನನಗೆ. ಅವತ್ತು ಇನ್ನೂ ಗಟ್ಟಿಯಾಗಿ ಕರೆದೆ.

ಒಂದು ಬೆಳಿಗ್ಗೆ, ಕೋಳಿ ಕೂಗಿ ನೆಲ ಕಾಣುವಷ್ಟು ಬೆಳಕಾಗಿತ್ತು, ನಾನು ಒಲೆ ಉರಿ ಮಾಡುತ್ತಿದ್ದೆ. ಬೇಯಿಸಿದ ಹುರುಳಿ, ಬೆಲ್ಲದ ವಾಸನೆ ಬಂತು. ನಮ್ಮ ಒಲೆಯಲ್ಲಿ ಬರೀ ನೀರಿತ್ತು. ವಾಸನೆ ತೊಟ್ಟಿಲ ಕಡೆಯಿಂದ ಬರುತ್ತಿತ್ತು, ಬೆಚ್ಚಗೆ, ಬಿಟ್ಟು ಬಿಟ್ಟು, ಉಸಿರಿನ ಹಾಗೆ. ಹೋಗಿ ನೋಡಿದೆ. ಹೊಗೆ ಹೋಗಲೆಂದು ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಯಿಂದ ಸೊಂಡಿಲು ಒಳಗೆ ಬಂದಿತ್ತು. ಅದರ ತುದಿ ನನ್ನ ಮಗಳ ಹಣೆ, ಮೂಗು, ಹೊಟ್ಟೆ, ಪಾದವನ್ನು ಒಂದೊಂದಾಗಿ ಮೂಸುತ್ತಿತ್ತು. ಕೂಸು ಅಳುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು.

“ಶಾಂತಲೇ!” ಎಂದು ಚೀರಿದೆ.

ಕೂಸು ನನ್ನ ಕಡೆ ನೋಡಲಿಲ್ಲ. ಗೋಡೆಯಾಚೆಯಿಂದ ಒಂದು ಸದ್ದು ಬಂತು, ಕಿವಿಗಲ್ಲ, ನೆಲದಿಂದ ಕಾಲಿಗೆ ಬಂತು. ಆನೆ ಓಗೊಟ್ಟಿತು.

ಕೂಸನ್ನು ಸೆಳೆದುಕೊಂಡು ಹೊರಗೆ ಓಡಿದೆ. ಗೆರೆ ಹಿಡಿದು ಬಂದಿದ್ದ ಮುದಿ ಮಾವುತ ಅಂಗಳದಲ್ಲಿ ನಿಂತಿದ್ದ. ಅವನ ಮುಖ ಬೂದಿಯ ಹಾಗಾಗಿತ್ತು.

“ಏನಂತ ಕರ್ದೆ ಅವ್ವಾ ನೀನು?”

“ನನ್ ಮಗಳನ್ನ ಕರ್ದೆ. ಶಾಂತಲೆ ಅಂತ ಅವಳ ಹೆಸರು. ಮೊದ್ಲು ನಿನ್ನ ಆನೆ ಹಿಡ್ಕೊ!”

“ಅದು ನಮ್ಮ ಅಬ್ಬಕ್ಕನ ಮರಿ ಹೆಸರು,” ಎಂದ. “ದೀಪಾವಳಿ ಟೈಮಲ್ಲಿ ದಿಬ್ಬದಿಂದ ಜಾರಿ ಹೊಳೆಗೆ ಬಿದ್ದು ಸತ್ತೋಯ್ತು. ದಿನಾ ಸಂಜೆ ನಾನೇ ಹಂಗೆ ಕರ್ದು ತಾಯಿ ಮರಿ ಇಬ್ರಿಗೂ ಹುರುಳಿ ಬೆಲ್ಲದ ಮುದ್ದೆ ಕೊಡ್ತಿದ್ದೆ. ನಿನ್ನಂಗೇ ಕರೀತಿದ್ದೆ.”

ನಾನು ಒಳಗೆ ಕರೆದದ್ದು ಒಬ್ಬಳನ್ನು. ಹೊಳೆಯಾಚೆ ಕೇಳಿಸಿಕೊಂಡದ್ದು ಇನ್ನೊಬ್ಬಳ ತಾಯಿ.

ಬಾಣಂತಿ ಹೊರಗೆ ಹೋಗಬಾರದು ಎಂದು ಅತ್ತೆ ಕೂಗುತ್ತಿದ್ದರೂ ಕೂಸನ್ನು ಅವರ ಕೈಗೆ ಕೊಟ್ಟು ನೇರ ರೈಟರ ಕ್ವಾರ್ಟರ್ಸಿಗೆ ಹೋದೆ. ಅವರು ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದರು. ಅರ್ಧ ಕೆನ್ನೆಯಲ್ಲಿ ಸೋಪಿತ್ತು.

“ಸತ್ತಿರೋ ಮರಿ ಹೆಸರನ್ನ ನನ್ ಮಗಳಿಗೆ ಕೊಟ್ರಲ್ಲ ರೈಟ್ರೇ, ಹೆಸರೇನು ಪಾತ್ರೆನಾ, ತೊಳ್ದು ಇನ್ನೊಬ್ರಿಗೆ ಬಡ್ಸೋಕೆ?”

ಅವರು ಕತ್ತಿ ಕೆಳಗಿಟ್ಟರು. “ಮರಿದೂ ಅಲ್ಲ ತಾಯಿ ಅದು. ನನ್ ಮಗಳಿಗೆ ಅಂತ ಇಟ್ಕೊಂಡಿದ್ದ ಹೆಸರು. ಅವಳು ಕಣ್ಣೇ ಬಿಡ್ಲಿಲ್ಲ. ಮರಿಗೆ ಕೊಟ್ಟೆ, ಅದೂ ಮೂರು ತಿಂಗಳು. ಕರೆಯೋರೇ ಇಲ್ದಂಗೆ ಆಗ್ಬಾರ್ದು ಅಂತ…”

ಕೆನ್ನೆಯ ಮೇಲಿನ ಸೋಪು ಒಣಗುತ್ತಿತ್ತು. ನನಗೆ ಸಿಟ್ಟು ಇಳಿಯಲಿಲ್ಲ. ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಮಕ್ಕಳು ಹೋದ ಮೇಲೆ ಮೂರನೆಯದನ್ನು ನನ್ನ ಕೈಯಿಂದಲೇ ಸತ್ತವರ ಸಾಲಿನಲ್ಲಿ ನಿಲ್ಲಿಸಿದ್ದರು.

“ಇದೂ ಹೋದ್ರೆ ನಿಮ್ಮ ಬಾಗ್ಲಿಗೇ ತಂದು ಮಲಗಿಸ್ತೀನಿ,” ಎಂದು ಹೇಳಿ ಬಂದೆ.

ಅವತ್ತೇ ನನ್ನ ಮಗಳನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡೆ. ತಿಪ್ಪಿ ಎಂದು ಕರೆದೆ. ಅತ್ತೆ ಗೆದ್ದರು, ಆದರೆ ಗೆದ್ದ ಮುಖ ಮಾಡಲಿಲ್ಲ. ಸಂಜೆ ಹೊಸ್ತಿಲಲ್ಲಿ ನಿಂತೆ, ಬಾಯಿ ತೆರೆಯಲಿಲ್ಲ. ಹಾಗೆ ನಿಂತಿದ್ದಾಗ ಆಚೆ ದಡದಿಂದ ಕೇಳಿತು.

“ಶಾಂತಲೇ…”

ಗಂಡಸಿನ ದನಿ. ಮೂರು ಸಲ. ರೈಟರು ದೋಣಿ ದಾಟಿ, ಮರಿಯನ್ನು ಹೂತ ಮತ್ತಿಮರದ ಕೆಳಗೆ ಹುರುಳಿ ಮುದ್ದೆ ಹಿಡಿದು ನಿಂತು ಕರೆಯುತ್ತಿದ್ದರು. ಆನೆ ಆ ಹೆಸರು ಕೇಳಿದ ಕಡೆಗೆ ಹೋಗುತ್ತದೆ ಎಂದಾದರೆ, ನಮ್ಮ ಮನೆಯ ಕಡೆಗೆ ಬರದೆ ಅಲ್ಲಿಗೇ ಹೋಗಲಿ ಎಂದು. ಸ್ವಲ್ಪ ಹೊತ್ತಿಗೆ ಆಚೆ ದಡದಲ್ಲಿ ಸರಪಳಿ ಸದ್ದಾಯಿತು. ಮರುದಿನ ನಮ್ಮ ಹಿತ್ತಲಲ್ಲಿ ಗೆರೆ ಇರಲಿಲ್ಲ.

ಬೇಸಗೆಯಿಡೀ ಹೀಗೇ ನಡೆಯಿತು. ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಹೊಳೆಯಾಚೆ ಆ ಹೆಸರು. ಒಂದು ದಿನವೂ ತಪ್ಪಲಿಲ್ಲ. ಅವರು ನಮ್ಮ ಜಗಲಿಗೆ ಬರುವುದನ್ನು ಬಿಟ್ಟರು, ನಾನೂ ಕರೆಯಲಿಲ್ಲ. ಮಗಳು ಗಟ್ಟಿಯಾದಳು. ಬೋರಲು ಬಿದ್ದಳು, ಅಂಬೆಗಾಲಿಟ್ಟಳು. ಒಂದೇ ಒಂದು ವಿಷಯ ನಾನು ಯಾರಿಗೂ ಹೇಳಲಿಲ್ಲ. ತಿಪ್ಪಿ ಎಂದು ಎಷ್ಟು ಕರೆದರೂ ತಿರುಗದವಳು, ಸಂಜೆ ಆ ದನಿ ಕೇಳಿದ ಕೂಡಲೇ ಹೊಳೆಯ ಕಡೆ ಮುಖ ತಿರುಗಿಸುತ್ತಿದ್ದಳು. ನಾನು ಎರಡೂ ಅಂಗೈಯಿಂದ ಅವಳ ಕಿವಿ ಮುಚ್ಚಿ ಹಿಡಿದುಕೊಳ್ಳುತ್ತಿದ್ದೆ, ಮೂರು ಸಲವೂ ಕರೆದು ಮುಗಿಯುವವರೆಗೆ.

ಮಳೆ ಹಿಡಿಯಿತು. ಹೊಳೆ ತುಂಬಿ ದೋಣಿ ನಿಂತಿತು. ರೈಟರು ಈಚೆ ದಡದ ಬಂಡೆಯ ಮೇಲೆ ಕೊಡೆ ಹಿಡಿದು ನಿಂತು, ನೀರಿನ ಸದ್ದಿಗಿಂತ ಎತ್ತರದ ದನಿಯಲ್ಲಿ ಕರೆಯುತ್ತಿದ್ದರು. ಆಚೆ ದಡದಲ್ಲಿ ಮಾವುತ ಮುದ್ದೆ ಕೊಡುತ್ತಿದ್ದ. ಹೀಗೆ ನೆನೆದು ನೆನೆದು ಜ್ವರ ಬಂತು. ಮರದ ಲಾರಿಯಲ್ಲಿ ಮಲಗಿಸಿ ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದರು. ಅವತ್ತು ಸಂಜೆ ಯಾರೂ ಕರೆಯಲಿಲ್ಲ. ನಾನು ತೊಟ್ಟಿಲನ್ನು ಹಿಂದಿನ ಗೋಡೆಯಿಂದ ಬಿಚ್ಚಿ ನಡುಮನೆಗೆ ಕಟ್ಟಿದೆ.

ಮೂರನೆಯ ದಿನ ಸುದ್ದಿ ಬಂತು. ಅವರು ಲಾರಿ ಹೊರಟ ರಾತ್ರಿಯೇ ತೀರಿಕೊಂಡಿದ್ದರು.

ನಾನು ಹೊಲದ ಕೊನೆಗೆ ಹೋದೆ. ತುಂಬಿದ ಹೊಳೆಯಿಂದ ಎದ್ದು ಬಂದ ಗೆರೆ ನಮ್ಮ ಹಿತ್ತಲ ಪಕ್ಕದಲ್ಲೇ ಹಾದು, ನಮ್ಮ ಗೋಡೆಯ ಹತ್ತಿರ ನಿಲ್ಲದೆ, ಮುಂದಕ್ಕೆ ಹೋಗಿತ್ತು. ಕ್ವಾರ್ಟರ್ಸಿನ ಸುತ್ತ ಸುತ್ತಿತ್ತು. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಎಳೆ ಬಿದಿರಿನ ಸೊಪ್ಪು ಮೂರು ಹಿಡಿ ಇತ್ತು. ಒಂದು ಹಸಿರು, ಒಂದು ಬಾಡಿದ್ದು, ಒಂದು ಒಣಗಿ ಸುರುಳಿ ಸುತ್ತಿದ್ದು. ಮೊದಲನೆಯದು ಅವರು ಹೋದ ದಿನದ್ದೇ. ಆನೆಗೆ ಹೇಗೆ ಗೊತ್ತಾಯಿತು ಎಂದು ಊರಿನವರು ಆಗ ಬಾಯಿ ಬಾಯಿ ಬಿಟ್ಟರು. ಗೊತ್ತಾಗುವುದೇನು, ಕರೆಯುವ ದನಿ ನಿಂತಿತು, ಹುಡುಕಿಕೊಂಡು ಬಂದಳು.

ನಾನು ಸೊಪ್ಪನ್ನು ಎತ್ತಲಿಲ್ಲ. ಎತ್ತುವ ಹಕ್ಕು ನನಗಿರಲಿಲ್ಲ. ನನ್ನ ಮಗಳಿಗಾಗಿ ಒಬ್ಬ ಮನುಷ್ಯ ಆರು ತಿಂಗಳು ದಿನಾ ತನ್ನ ಸತ್ತ ಮಗಳ ಹೆಸರು ಕರೆದಿದ್ದ, ನಾನು ಒಂದು ಲೋಟ ಕಾಫಿ ಕೊಟ್ಟಿರಲಿಲ್ಲ…

ಆಮೇಲೆ ಕೊಡಗು ಮೈಸೂರಿಗೆ ಸೇರಿತು, ಕ್ಯಾಂಪು ಎತ್ತಿದರು. ಅಬ್ಬಕ್ಕನನ್ನು ಯಾವ ಕಾಡಿಗೆ ಅಟ್ಟಿದರೋ. ತಿಪ್ಪಮ್ಮ ತಿಪ್ಪಮ್ಮನಾಗಿಯೇ ಬೆಳೆದಳು, ಮದುವೆಯಾದಳು, ಗಂಡ ಹೋದ ಮೇಲೆ ನನ್ನ ಜೊತೆಗೇ ಬಂದಳು. ಅವಳಿಗೆ ಹೇಳಬೇಕೆಂದು ಒಂದು ಸಲವೂ ಅನ್ನಿಸಲಿಲ್ಲ. ಬದುಕಿದ್ದಾಳಲ್ಲ, ಸಾಕು ಎಂದುಕೊಂಡೆ.

ಮೊನ್ನೆ ಆ ಹುಡುಗಿಯ ಬಾಯಲ್ಲಿ ಹೆಸರು ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಮತ್ತೊಂದು ಹೆಣ್ಣು ಕೂಸು, ಮತ್ತದೇ ಹೆಸರು. ಅದು ಇನ್ನೂ ಯಾರದು ಎಂದು ತಿಳಿಯದೆ ಹೂಂ ಎನ್ನುವುದು ಹೇಗೆ?

ಮರುದಿನ ಬೆಳಿಗ್ಗೆ, ಉಳಿದಿದ್ದ ಹುರುಳಿಗೆ ರಾಗಿ, ಬೆಲ್ಲ ಹಾಕಿ ಕಲಸಿ ಮುದ್ದೆ ಕಟ್ಟಿದೆ. ಬಾಳೆ ಎಲೆಯಲ್ಲಿ ಸುತ್ತಿಕೊಂಡು, ಕೋಲು ಊರಿಕೊಂಡು ಹೊಳೆಗೆ ಹೋದೆ. ಆಚೆ ದಡದ ಕಾಡಿನಲ್ಲಿ ಈಗ ರೆಸಾರ್ಟಿನ ಬೇಲಿ. ಮುದ್ದೆಯನ್ನು ರೈಟರು ನಿಲ್ಲುತ್ತಿದ್ದ ಆ ಬಂಡೆಯ ಮೇಲೆ ಇಟ್ಟೆ. ಎಪ್ಪತ್ತು ವರ್ಷದಿಂದ ಬಾಯಿಗೆ ಬಾರದ ಹೆಸರನ್ನು ಮೂರು ಸಲ ಕರೆದೆ. ದನಿ ಒಡೆದಿತ್ತು, ಅರ್ಧ ಹೊಳೆಯನ್ನೂ ದಾಟಿರಲಿಕ್ಕಿಲ್ಲ. ಕಾದೆ. ಆಚೆ ದಡದಲ್ಲಿ ಸರಪಳಿ ಸದ್ದಿಲ್ಲ. ಕರೆಯುವ ಆ ಮನುಷ್ಯನೂ ಇಲ್ಲ, ಬರುವ ಆ ತಾಯಿಯೂ ಇಲ್ಲ. ಯಾರೂ ಬರಲಿಲ್ಲ.

“ಏನವ್ವಾ?”

ಬೆನ್ನ ಹಿಂದೆ ತಿಪ್ಪಮ್ಮ ನಿಂತಿದ್ದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. “ಕರ್ದಂಗಾಯ್ತು,” ಎಂದಳು.

ನನ್ನನ್ನು ಹುಡುಕಿಕೊಂಡು ಬಂದಿದ್ದಳು, ಅಷ್ಟೇ ಎಂದು ಹೇಳಿಕೊಂಡೆ. ಅವಳ ಭುಜ ಹಿಡಿದು ನಿಧಾನ ಮನೆಗೆ ಬಂದೆ. ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು, “ಅದೇ ಹೆಸರು ಇಡು ಮಗಾ. ಅಜ್ಜಿ ಹೆಸರು ಮೊಮ್ಮಗಳಿಗೆ ಇಡೋದು ನಮ್ಮಲ್ಲಿ ಇದ್ದಿದ್ದೇ,” ಎಂದೆ.